ಮೆಟ್ರೊ ಇಳಿದ ಮೇಲೆ ಇನ್ನೂ ನಾಲ್ಕು ಕಿಲೋಮೀಟರ್: ಬೊಮ್ಮಸಂದ್ರ–ಜಿಗಣಿ ಕಡೆ ಕೆಲಸಕ್ಕೆ ಹೋಗುವವರ ಸೈಕಲ್ ಪ್ರಶ್ನೆಗಳು

ಬೆಂಗಳೂರು ಮೆಟ್ರೊದ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾಯಿತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19.15 ಕಿ.ಮೀ., ಎರಡೂ ತುದಿ ಸೇರಿ 16 ನಿಲ್ದಾಣ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಜಂಜಾಟ ಈಗ ಕಾಲಡಿಯಲ್ಲೇ ಸರಿದುಹೋಗುತ್ತದೆ. ಆದರೆ ಬೊಮ್ಮಸಂದ್ರದಲ್ಲಿ ಮೆಟ್ಟಿಲಿಳಿದವರಿಗೆ ಕೆಲಸದ ಜಾಗ ಇನ್ನೂ ಸಿಕ್ಕಿರುವುದಿಲ್ಲ. ಜಿಗಣಿ ಲಿಂಕ್ ರೋಡಿನಲ್ಲಿ ಕಾರ್ಖಾನೆ ಎಷ್ಟು ಒಳಗಿದೆ ಎನ್ನುವುದರ ಮೇಲೆ ಎರಡರಿಂದ ಎಂಟು ಕಿಲೋಮೀಟರ್ ಬಾಕಿ ಇರುತ್ತದೆ. ಕಂಪನಿ ಬಸ್ಸಿಲ್ಲದವರು ಷೇರ್ ಆಟೊ ತುಂಬುವ ತನಕ ಕಾಯುತ್ತಾರೆ, ಇಲ್ಲವೇ ಬೇಸತ್ತು ಮತ್ತೆ ಮನೆಯಿಂದಲೇ ಸ್ಕೂಟರ್ ತೆಗೆಯುತ್ತಾರೆ. ಆ ಕೊನೆಯ ತುಂಡನ್ನು ಸೈಕಲ್ಲಿನಲ್ಲಿ ಮುಗಿಸಬೇಕು ಎನ್ನುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಕಂಪನಿಯ ಅಡ್ಮಿನ್ ವಿಭಾಗದವರಿಗೂ ಇದರಲ್ಲಿ ಪಾಲಿದೆ. ಸೈಕಲ್ ತುಳಿಯಲು ಜನ ಹೆದರುವುದು ದಣಿವಿಗಲ್ಲ, ಅದನ್ನು ನಿಲ್ಲಿಸಿ ಹೋಗುವುದಕ್ಕೆ.

ಸೈಕಲ್ ನಿಜಕ್ಕೂ ಬೇಕಾ? ನಡೆದೇ ಹೋದರೆ ಆಗುವುದಿಲ್ಲವಾ?

ನಿಲ್ದಾಣದಿಂದ ಗೇಟಿಗೆ 1.2 ಕಿ.ಮೀ. ಒಳಗಿದ್ದರೆ ನಡೆಯಿರಿ, ಹದಿನೈದು ನಿಮಿಷದ ಮಾತು. ಬೀಗ ಹಾಕಿ, ತೆಗೆದು, ಸ್ಟ್ಯಾಂಡ್ ಹುಡುಕುವ ಹೊತ್ತಿಗೆ ನಡೆದವರೂ ಅಲ್ಲಿಗೇ ಮುಟ್ಟಿರುತ್ತಾರೆ. ಒಂದೂವರೆಯಿಂದ ಆರು ಕಿ.ಮೀ. ನಡುವೆ ಸೈಕಲ್ಲಿಗೆ ಸಾಟಿಯಿಲ್ಲ. ಗಂಟೆಗೆ 15 ಕಿ.ಮೀ. ಎಂದರೆ ಯಾರೂ ಬೆವರಿ ತೊಪ್ಪೆಯಾಗದ ವೇಗ. ಅದರಲ್ಲಿ ನಾಲ್ಕು ಕಿ.ಮೀ.ಗೆ 16 ನಿಮಿಷ. ಅದೇ ದೂರ ನಡೆದರೆ ಮುಕ್ಕಾಲು ಗಂಟೆ ದಾಟುತ್ತದೆ. ಏಳು ಕಿ.ಮೀ. ಮೀರಿದರೆ ಬಸ್ಸನ್ನೋ ಬ್ಯಾಟರಿ ಸೈಕಲ್ಲನ್ನೋ ಯೋಚಿಸಿ.

ಮನೆಯಿಂದಲೇ ಪೂರ್ತಿ ಸೈಕಲ್ಲಿನಲ್ಲಿ ಬಂದರೆ?

ಅಭ್ಯಾಸ ಇರುವವರು ಬರುತ್ತಾರೆ. ಆದರೆ ಬನಶಂಕರಿಯಿಂದಲೋ ಜಯನಗರದಿಂದಲೋ ಇಪ್ಪತ್ತು ಕಿ.ಮೀ. ಮೇಲೆ ಆಗುತ್ತದೆ, ಅದರಲ್ಲೂ ಹೊಸೂರು ರಸ್ತೆ. ಎಂಟು ಗಂಟೆ ನಿಂತು ಕೆಲಸ ಮಾಡುವವರು ಅದನ್ನು ವಾರಕ್ಕೆ ಆರು ದಿನ ಎಳೆಯುವುದು ಕಷ್ಟ. ಎಲೆಕ್ಟ್ರಾನಿಕ್ಸ್ ಸಿಟಿಗೆ ಹೋಗುವ ಎತ್ತರಿಸಿದ ರಸ್ತೆಗೆ ಮಾತ್ರ ಸೈಕಲ್ ಹತ್ತಿಸಬೇಡಿ.

ಸೈಕಲ್ಲನ್ನು ಮೆಟ್ರೊ ಒಳಗೆ ಒಯ್ಯಬಹುದಾ?

ಮಾಮೂಲಿ ಸೈಕಲ್ ಬಿಡುವುದಿಲ್ಲ. ಮಡಚುವ ಸೈಕಲ್ಲಿಗೆ 2020ರಲ್ಲಿ ಮೆಟ್ರೊ ನಡೆಸುವ ಬಿಎಂಆರ್‌ಸಿಎಲ್ ಅನುಮತಿ ಕೊಟ್ಟಿತು: ಕೊನೆಯ ಬೋಗಿಯಲ್ಲಿ, ಮಡಚಿದಾಗ 60 × 45 × 25 ಸೆಂ.ಮೀ. ಒಳಗೆ, ತೂಕ 15 ಕೆ.ಜಿ. ಒಳಗೆ.

ಈ ಅಳತೆಯನ್ನು ಕೊಳ್ಳುವ ಮೊದಲೇ ಲೆಕ್ಕ ಹಾಕಿ. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಮಡಚುವ ಸೈಕಲ್ಲಿಗೆ 20 ಇಂಚಿನ ಚಕ್ರ. ಅದರ ರಿಮ್ಮಿನಲ್ಲಿ ಟೈರು ಕೂರುವ ವ್ಯಾಸ 406 ಮಿ.ಮೀ. ಎರಡೂ ಬದಿಗೆ 45 ಮಿ.ಮೀ. ದಪ್ಪದ ಟೈರು ಸೇರಿಸಿ, ಹತ್ತಿರ ಹತ್ತಿರ 50 ಸೆಂ.ಮೀ. ಆಯಿತು. ಸೈಕಲ್ಲನ್ನು ಎಷ್ಟು ಮಡಚಿದರೂ ಚಕ್ರ ಮಡಚುವುದಿಲ್ಲ, 45 ಸೆಂ.ಮೀ. ಮಿತಿಯನ್ನು ಚಕ್ರ ಒಂದೇ ಮೀರಿಬಿಡುತ್ತದೆ. 16 ಇಂಚಿನ ಚಕ್ರವಾದರೆ ಟೈರು ಸಮೇತ 38ರಿಂದ 42 ಸೆಂ.ಮೀ., ಚಕ್ರವೇನೋ ಹಿಡಿಯುತ್ತದೆ. ಆದರೆ ಮಡಚಿದ ಮೇಲೆ ಪೆಡಲ್, ಹ್ಯಾಂಡಲ್ ಹೊರಚಾಚುವುದರಿಂದ 25 ಸೆಂ.ಮೀ. ದಪ್ಪ ಮೀರುವುದು ಸಾಮಾನ್ಯ. ಆದ್ದರಿಂದ ಅಂಗಡಿಯಲ್ಲೇ ಮಡಚಿಸಿ, ಟೇಪು ಹಿಡಿದು, ಮೂರು ಕಡೆಯೂ ಅಳೆಯಿರಿ. ಜೊತೆಗೆ ಒಂದು ಬಟ್ಟೆಯ ಚೀಲ ಹೊಲಿಸಿಕೊಳ್ಳಿ. ಚೈನಿನ ಗ್ರೀಸು ಪಕ್ಕದವರ ಪ್ಯಾಂಟಿಗೆ ಹತ್ತಿದರೆ ನಿಯಮದ ಪುಸ್ತಕ ಯಾರನ್ನೂ ಕಾಪಾಡುವುದಿಲ್ಲ.

ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗದಿಂದ ಹಳದಿಗೆ ಬದಲಾಯಿಸುವಾಗ ಇದನ್ನೆಲ್ಲ ಹೊತ್ತು ಓಡಾಡಬೇಕು ಎನ್ನುವುದೂ ನೆನಪಿರಲಿ. 12 ಕೆ.ಜಿ. ಎನ್ನುವುದು ಕೇಳಲು ಹಗುರ.

ಹಾಗಾದರೆ ಸೈಕಲ್ ಎಲ್ಲಿ ಇಡುವುದು, ಯಾವ ತುದಿಗೆ?

ಇಲ್ಲಿ ಬಹಳ ಜನ ತಪ್ಪುತ್ತಾರೆ. ಸೈಕಲ್ ಯಾವ ತುದಿಗೆ ಬೇಕು ಎನ್ನುವುದು ನಿರ್ಧಾರವಾದರೆ ಅದು ರಾತ್ರಿ ಎಲ್ಲಿ ಮಲಗುತ್ತದೆ ಎನ್ನುವುದೂ ನಿರ್ಧಾರವಾದಂತೆ.

ಮನೆಯಿಂದ ನಿಲ್ದಾಣಕ್ಕೆ ತುಳಿಯುವ ಸೈಕಲ್ ಹಗಲು ನಿಲ್ದಾಣದಲ್ಲಿ, ರಾತ್ರಿ ಮನೆಯಲ್ಲಿ. ಇದು ಸುಲಭ. ಬೊಮ್ಮಸಂದ್ರದಿಂದ ಕಾರ್ಖಾನೆಗೆ ತುಳಿಯುವ ಸೈಕಲ್ ತಿರುವುಮುರುವು: ಹಗಲು ಕಾರ್ಖಾನೆಯಲ್ಲಿ, ರಾತ್ರಿ ನಿಲ್ದಾಣದ ಹತ್ತಿರ. ಶನಿವಾರ ಸಂಜೆ ನಿಲ್ಲಿಸಿದರೆ ಸೋಮವಾರ ಬೆಳಗಿನವರೆಗೆ ಅದರ ಮುಖ ನೋಡುವವರಿಲ್ಲ. ಮೂವತ್ತಾರು ಗಂಟೆ. ಕಳ್ಳನಿಗೆ ಬೇಕಾದಷ್ಟು ಸಮಯ. ಹಾಗಾಗಿ ಈ ಎರಡನೇ ಸೈಕಲ್ಲಿನ ಆಯ್ಕೆ, ಬೀಗ, ಜಾಗ ಮೂರೂ ಬೇರೆಯೇ.

ಎರಡನೇ ಸೈಕಲ್ ಎಂಥದ್ದಿರಬೇಕು?

ಹಳೆಯದು, ಗಟ್ಟಿಯದು, ನೋಡಲು ಸಾಧಾರಣದ್ದು. ಗೇರಿಲ್ಲದ ಸೈಕಲ್ ಈ ಕೆಲಸಕ್ಕೆ ಹೇಳಿಮಾಡಿಸಿದ್ದು: ಕೇಬಲ್ ಕಡಿಮೆ, ಮಳೆಯಲ್ಲಿ ನಿಂತರೂ ಕೆಡುವುದು ಕಡಿಮೆ, ಯಾವ ಬೀದಿ ಬದಿಯ ಪಂಕ್ಚರ್ ಅಂಗಡಿಯವನಿಗೂ ಗೊತ್ತು. ಕೊಳ್ಳುವಾಗ ಇವನ್ನು ನೋಡಿ:

ಚಕ್ರ ನಟ್ಟಿನಲ್ಲಿ ಕೂತಿರಬೇಕು. ಕೈಯಲ್ಲೇ ತಿರುಗಿಸಿ ಬಿಚ್ಚುವ ಲಿವರ್ ಇದ್ದರೆ ಚಕ್ರ ಹತ್ತು ಸೆಕೆಂಡಿನಲ್ಲಿ ಹೋಗುತ್ತದೆ. ಸೀಟಿನ ಕೊಳವೆಗೂ ಅದೇ ಮಾತು. ಲಿವರ್ ಇದ್ದರೆ ತೆಗೆಸಿ ಬೋಲ್ಟು ಹಾಕಿಸಿ. ಮಡ್‌ಗಾರ್ಡು, ಪೂರ್ತಿ ಚೈನ್ ಕವರು ಎರಡೂ ಇರಲಿ. ಹಿಂದೆ ಕ್ಯಾರಿಯರ್ ಬೇಕು. ಬೆನ್ನಿಗೆ ಚೀಲ ಹಾಕಿ ತುಳಿದರೆ ಅಂಗಿಯ ಬೆನ್ನು ಒದ್ದೆಯಾಗುತ್ತದೆ, ಕ್ಯಾರಿಯರಿಗೆ ಕಟ್ಟಿದರೆ ಆಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವಾಗ ಬಿಲ್ಲಿಲ್ಲದಿದ್ದರೆ ಮಾರಿದವರಿಂದ ಒಂದು ಚೀಟಿ ಬರೆಸಿಕೊಳ್ಳಿ: ತಾರೀಖು, ಬೆಲೆ, ಫ್ರೇಮ್ ನಂಬರ್, ಸಹಿ. ಫ್ರೇಮ್ ನಂಬರ್ ಸಾಮಾನ್ಯವಾಗಿ ಪೆಡಲಿನ ಆಕ್ಸಲ್ ಕೂರುವ ಅಡ್ಡ ಕೊಳವೆಯ ತಳದಲ್ಲಿ ಕೆತ್ತಿರುತ್ತದೆ. ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ, ಮಣ್ಣು ಒರೆಸಿ, ಫೋನಿನಲ್ಲಿ ಫೋಟೊ ತೆಗೆದಿಡಿ. ಈ ಎರಡು ನಿಮಿಷದ ಕೆಲಸ ಮುಂದೆ ಯಾಕೆ ಬೇಕಾಗುತ್ತದೆ ಎಂದು ಕಳವಿನ ಪ್ರಶ್ನೆಯಲ್ಲಿ ಹೇಳಿದೆ.

ನಿಲ್ದಾಣದ ಹತ್ತಿರ ರಾತ್ರಿ ಬಿಡಲು ಎಂಥ ಜಾಗ ಹುಡುಕಬೇಕು?

ಮೊದಲು ನಿಲ್ದಾಣದ ಪಾರ್ಕಿಂಗ್ ನೋಡಿಕೊಳ್ಳುವವರನ್ನೇ ಕೇಳಿ. ಕೇಳಬೇಕಾದ್ದು ಮೂರು: ಸೈಕಲ್ಲಿಗೆ ಜಾಗ ಇದೆಯಾ, ರಾತ್ರಿ ಇಟ್ಟರೆ ಎಷ್ಟು, ರಾತ್ರಿ ಆಳು ಇರುತ್ತಾನಾ. ಮೂರನೆಯದು ಮುಖ್ಯ. ಕೆಲವು ಕಡೆ ಚೀಟಿಯ ಹಿಂದೆ “ಕಳವಿಗೆ ಜವಾಬ್ದಾರರಲ್ಲ” ಎಂದು ಅಚ್ಚು ಹಾಕಿರುತ್ತಾರೆ. ಹಾಗಿದ್ದರೆ ಆ ಹಣ ಜಾಗಕ್ಕೆ ಮಾತ್ರ, ಕಾವಲಿಗಲ್ಲ ಎಂದೇ ತಿಳಿಯಿರಿ.

ಎರಡನೇ ದಾರಿ, ರಾತ್ರಿಯೂ ಜನ ಇರುವ ಜಾಗ. ಪೆಟ್ರೋಲ್ ಬಂಕ್, ಕಲ್ಯಾಣ ಮಂಟಪ, ಪಿ.ಜಿ., ದಿನಸಿ ಅಂಗಡಿಯ ಒಳ ಅಂಗಳ. ಐದಾರು ಜನ ಸೇರಿ ತಿಂಗಳಿಗಿಷ್ಟು ಎಂದು ಮಾತಾಡಿಕೊಂಡರೆ ಹೆಚ್ಚಿನವರು ಒಪ್ಪುತ್ತಾರೆ. ಒಬ್ಬನ ಸೈಕಲ್ ಎಂದರೆ ಉಪಕಾರ ಕೇಳಿದಂತೆ, ಆರು ಜನರದ್ದು ಎಂದರೆ ಅವರಿಗೂ ಆದಾಯ.

ಮೂರನೆಯದನ್ನು ಬಹಳ ಜನ ಯೋಚಿಸುವುದೇ ಇಲ್ಲ: ಪಾಳಿ ಬೇರೆ ಬೇರೆ ಇರುವ ಇಬ್ಬರು ಒಂದೇ ಸೈಕಲ್ ಇಟ್ಟುಕೊಳ್ಳುವುದು. ಮೊದಲ ಪಾಳಿಯವರು ಎರಡು ಗಂಟೆಗೆ ನಿಲ್ದಾಣಕ್ಕೆ ಬಂದು ಬಿಡುತ್ತಾರೆ. ಎರಡನೇ ಪಾಳಿಯವರು ಅಷ್ಟರೊಳಗೆ ಕೆಲಸಕ್ಕೆ ಹೋಗಿರಬೇಕಾದ್ದರಿಂದ ಇದು ಕೂಡಿಬರುವುದಿಲ್ಲ. ಆದರೆ ಸಂಜೆ ಐದೂವರೆಗೆ ಬಿಡುವ ಜನರಲ್ ಪಾಳಿಯವರಿಗೂ ರಾತ್ರಿ ಪಾಳಿಗೆ ಬರುವವರಿಗೂ ಚೆನ್ನಾಗಿ ಹೊಂದುತ್ತದೆ. ಸಂಜೆ ಬಿಟ್ಟ ಸೈಕಲ್ ರಾತ್ರಿ ಒಂಬತ್ತಕ್ಕೆ ಮತ್ತೆ ಕಾರ್ಖಾನೆಗೆ ಹೋಗಿ ಬೆಳಿಗ್ಗೆ ಆರಕ್ಕೆ ನಿಲ್ದಾಣಕ್ಕೆ ವಾಪಸ್. ರಾತ್ರಿ ಪೂರ್ತಿ ಗೇಟಿನೊಳಗೆ ಭದ್ರ. ಎರಡು ಕೀಲಿ ಇರುವ ಬೀಗ ಸಾಕು.

ಎಂಥ ಬೀಗ?

ಹಿಂದಿನ ಚಕ್ರಕ್ಕೆ ಅಂಟಿಕೊಂಡೇ ಬರುವ ಉಂಗುರದ ಬೀಗ ಚಕ್ರ ತಿರುಗದಂತೆ ತಡೆಯುತ್ತದೆ, ಅಷ್ಟೇ. ಸೈಕಲ್ಲನ್ನು ಎತ್ತಿ ಆಟೊಗೆ ಹಾಕಿದರೆ ಅದಕ್ಕೆ ಕೆಲಸವಿಲ್ಲ. ಪ್ಲಾಸ್ಟಿಕ್ ಸುತ್ತಿದ ತಂತಿಯ ಬೀಗ ದಪ್ಪ ಕಾಣುತ್ತದೆ, ಒಳಗಿರುವುದು ತೆಳು ಎಳೆಗಳ ಹುರಿ. ಕೈಯಲ್ಲಿ ಹಿಡಿಯುವ ಕಟರಿಗೆ ಕೆಲವೇ ಸೆಕೆಂಡು. ನಂಬರ್ ತಿರುಗಿಸುವ ಅಗ್ಗದ ಬೀಗಗಳದ್ದೂ ಅದೇ ಕತೆ.

ನಿಲ್ದಾಣದ ಬದಿಗೆ ಬೇಕಾದ್ದು ಯು-ಲಾಕ್ (ಯು ಆಕಾರದ ಸರಳಿನ ಬೀಗ), ಕನಿಷ್ಠ 12 ಮಿ.ಮೀ. ದಪ್ಪದ ಗಟ್ಟಿ ಉಕ್ಕಿನದು, ಅಥವಾ 8 ಮಿ.ಮೀ. ಮೇಲಿನ ಗಟ್ಟಿ ಉಕ್ಕಿನ ಸರಪಳಿ. ಜೊತೆಗೆ ಉಂಗುರದ ಬೀಗವನ್ನೂ ಹಾಕಿ. ಎರಡು ಬಗೆಯ ಬೀಗಕ್ಕೆ ಎರಡು ಬಗೆಯ ಸಲಕರಣೆ ಬೇಕು, ಕಳ್ಳನಿಗೆ ಪಕ್ಕದ ಸೈಕಲ್ಲೇ ಸಲೀಸು ಅನಿಸುತ್ತದೆ.

ಭಾರದ ಬೀಗವನ್ನು ದಿನಾ ಹೊತ್ತು ತಿರುಗಬೇಡಿ. ರಾತ್ರಿ ನಿಲ್ಲಿಸುವ ಕಂಬಕ್ಕೇ ಅದನ್ನು ಬಿಟ್ಟುಹೋಗಿ, ಜಾಗ ಕೊಟ್ಟವರ ಒಪ್ಪಿಗೆ ಪಡೆದು. ಕಾರ್ಖಾನೆಯೊಳಗೆ ಹಗಲು ಹೊತ್ತಿಗೆ ಉಂಗುರದ ಬೀಗ, ಒಂದು ಸಾಧಾರಣ ಸರಪಳಿ ಸಾಕು.

ಬೀಗ ಹಾಕುವ ಸರಿಯಾದ ಕ್ರಮ ಯಾವುದು?

ಸೈಕಲ್ಲಿನ ಎಡ ಮಗ್ಗುಲು, ಅಂದರೆ ಚೈನ್ ಇಲ್ಲದ ಬದಿ, ಕಂಬಕ್ಕೆ ತಾಗುವಂತೆ ನಿಲ್ಲಿಸಿ. ಸೀಟಿನ ಕೆಳಗಿನ ಕೊಳವೆ ಮತ್ತು ಹಿಂದಿನ ಚಕ್ರದ ನಡುವೆ ಒಂದು ತ್ರಿಕೋನ ಕಾಣುತ್ತದಲ್ಲ, ಆ ತ್ರಿಕೋನದೊಳಗೆ ಚಕ್ರದ ಕಡ್ಡಿಗಳ ನಡುವೆ ಯು-ಲಾಕ್ ತೂರಿಸಿ, ರಿಮ್ಮನ್ನೂ ಕೊಳವೆಯನ್ನೂ ಕಂಬವನ್ನೂ ಒಟ್ಟಿಗೆ ಹಿಡಿಯಿರಿ. ಈಗ ಯು ಒಳಗೆ ಬೆರಳು ಹಾಕಿ ನೋಡಿ. ಖಾಲಿ ಜಾಗ ಕಡಿಮೆ ಇದ್ದಷ್ಟು ಒಳ್ಳೆಯದು. ಜಾಗ ಇದ್ದರೆ ಕಬ್ಬಿಣದ ಸಲಾಕೆ ತೂರಿಸಿ ಮೀಟುತ್ತಾರೆ. ಬೀಗ ನೆಲಕ್ಕೆ ತಾಗಬಾರದು. ನೆಲದ ಮೇಲಿದ್ದರೆ ಅದೇ ಅಡಿಗಲ್ಲಾಗಿ ಸುತ್ತಿಗೆ ಏಟು ಬೀಳುತ್ತದೆ. ಕೀಲಿ ತೂತು ಕೆಳಮುಖ ಇರಲಿ: ಮಳೆನೀರು ಇಳಿಯುವುದಿಲ್ಲ, ಜಿಗಣಿಯ ಗ್ರಾನೈಟ್ ಧೂಳೂ ಕೂರುವುದಿಲ್ಲ. ಎರಡು ತಿಂಗಳಿಗೊಮ್ಮೆ ಕೀಲಿ ತೂತಿಗೆ ಗ್ರಾಫೈಟ್ ಪುಡಿ ಹಾಕಿ. ಪೆನ್ಸಿಲ್ ಸೀಸ ಅರೆದ ಪುಡಿಯೂ ಆಗುತ್ತದೆ. ಅಡುಗೆ ಎಣ್ಣೆ ಬೇಡವೇ ಬೇಡ, ಧೂಳು ಸೇರಿ ಅಂಟಾಗಿ ಬೀಗ ಕಚ್ಚಿಕೊಳ್ಳುತ್ತದೆ.

ಮುಂದಿನ ಚಕ್ರವನ್ನಷ್ಟೇ ಕಟ್ಟಿ ಹೋಗುವುದು ಎಲ್ಲೆಡೆ ಕಾಣುವ ತಪ್ಪು. ಸಂಜೆ ಬಂದಾಗ ಚಕ್ರ ಇರುತ್ತದೆ, ಸೈಕಲ್ ಇರುವುದಿಲ್ಲ.

ಗೇಟಿನಲ್ಲಿ ಸೆಕ್ಯೂರಿಟಿಯವರು ಸೈಕಲ್ ಒಳಗೆ ಬಿಡುವುದಿಲ್ಲ. ಏನು ಮಾಡುವುದು?

ಸೆಕ್ಯೂರಿಟಿ ಅಣ್ಣನ ಜೊತೆ ವಾದ ಬೇಡ. ಅವರ ಹತ್ತಿರ ಇರುವ ಪಟ್ಟಿಯಲ್ಲಿ ಕಾರು, ಬೈಕು, ಲಾರಿ ಇರುತ್ತದೆ, ಸೈಕಲ್ಲಿಗೆ ಅಂಕಣವೇ ಇರುವುದಿಲ್ಲ. ಅದು ಬರಬೇಕಾದ್ದು ಮೇಲಿನಿಂದ.

ಅಡ್ಮಿನ್ ಅಥವಾ ಸುರಕ್ಷತಾ ವಿಭಾಗಕ್ಕೆ ಒಂದು ಪುಟದ ಮನವಿ ಕೊಡಿ, ಕನಿಷ್ಠ ಐದು ಜನರ ಸಹಿ ಇರಲಿ. ಅದರಲ್ಲಿ ನಾಲ್ಕು ವಿಷಯ ಸಾಕು: ಎಷ್ಟು ಸೈಕಲ್, ಯಾವ ಪಾಳಿ, ಎಲ್ಲಿ ನಿಲ್ಲಿಸಬಹುದು (ಜಾಗದ ಫೋಟೊ ಸಮೇತ), ಗೇಟ್ ಪಾಸ್ ಸ್ಟಿಕ್ಕರ್ ಬೇಕು ಎಂಬ ಕೋರಿಕೆ. ಸ್ಟಿಕ್ಕರಿಗೆ ನಂಬರ್ ಇದ್ದರೆ ಸೆಕ್ಯೂರಿಟಿಗೂ ನಿರಾಳ. ಹೊರಗೆ ಹೋಗುವಾಗ ಸೈಕಲ್ ಯಾರದ್ದು ಎಂದು ತಾಳೆ ನೋಡಬಹುದು. ಕಂಪನಿಯ ಸಾಮಾನು ಸೈಕಲ್ ಕ್ಯಾರಿಯರಿನಲ್ಲಿ ಹೊರಗೆ ಹೋದೀತು ಎಂಬ ಭಯವೂ ಅವರಿಗಿರುತ್ತದೆ. ಚೀಲ ತಪಾಸಣೆಗೆ ಒಪ್ಪುತ್ತೇವೆ ಎಂದು ಮನವಿಯಲ್ಲೇ ಬರೆದುಬಿಡಿ.

ಒಳಗೆ ಫೋರ್ಕ್‌ಲಿಫ್ಟ್ ಓಡಾಡುವ ಕಡೆ ಸೈಕಲ್ ತುಳಿಯಬಾರದು, ತಳ್ಳಿಕೊಂಡು ಹೋಗಬೇಕು. ಈ ಮಾತನ್ನು ನೀವೇ ಮೊದಲು ಹೇಳಿದರೆ ಸುರಕ್ಷತಾ ಅಧಿಕಾರಿ ಅರ್ಧ ಒಪ್ಪಿದಂತೆ.

ನಾವು ಅಡ್ಮಿನ್‌ನವರು. ಸೈಕಲ್ ಸ್ಟ್ಯಾಂಡ್ ಹೇಗೆ ಮಾಡಿಸಬೇಕು, ಎಷ್ಟು ಜಾಗ ಬೇಕು?

ಒಂದು ಕಾರು ನಿಲ್ಲುವ ಜಾಗ 5 × 2.5 ಮೀಟರ್. ಅದರಲ್ಲಿ ಹತ್ತು ಸೈಕಲ್ ನಿಲ್ಲುತ್ತವೆ. ಇದಕ್ಕಿಂತ ಬೇರೆ ವಾದ ನಿಮಗೆ ಬೇಕಾಗಲಾರದು.

ಮುಂದಿನ ಚಕ್ರ ಮಾತ್ರ ತೂರಿಸುವ, ತಟ್ಟೆ ಜೋಡಿಸುವ ಸ್ಟ್ಯಾಂಡಿನಂಥ ಸಾಲು ಸೀಳುಗಳ ಸ್ಟ್ಯಾಂಡ್ ಕೊಳ್ಳಬೇಡಿ. ಅಗ್ಗ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಆದರೆ ಸೈಕಲ್ ಪಕ್ಕಕ್ಕೆ ವಾಲಿದಾಗ ಇಡೀ ಭಾರ ಮುಂದಿನ ರಿಮ್ಮಿನ ಮೇಲೆ ಬಿದ್ದು ಅದು ಸೊಟ್ಟಗಾಗುತ್ತದೆ. ಫ್ರೇಮಿಗೆ ಬೀಗ ಹಾಕಲೂ ಆಗುವುದಿಲ್ಲ.

ಬೇಕಾದ್ದು ತಲೆಕೆಳಗಾದ ಯು ಆಕಾರದ ಪೈಪು. ಎರಡು ಇಂಚಿನ, ಅಂದರೆ 50 ಮಿ.ಮೀ. ಹೊರ ವ್ಯಾಸದ ಕಬ್ಬಿಣದ ಪೈಪು, ಸತು ಲೇಪನದ್ದಾದರೆ ಒಳ್ಳೆಯದು. ನೆಲದ ಮೇಲೆ ಎತ್ತರ 75 ಸೆಂ.ಮೀ., ಅಗಲ 75 ಸೆಂ.ಮೀ., ಪ್ರತಿ ಕಾಲೂ ನೆಲದೊಳಗೆ 30 ಸೆಂ.ಮೀ. ಎಲ್ಲ ಕೂಡಿದರೆ ಒಂದು ಸ್ಟ್ಯಾಂಡಿಗೆ 2.85 ಮೀಟರ್. ಪೈಪು ಬರುವುದು 6 ಮೀಟರ್ ಉದ್ದಕ್ಕೆ, ಒಂದರಲ್ಲಿ ಎರಡು ಸ್ಟ್ಯಾಂಡ್. ಹತ್ತು ಸ್ಟ್ಯಾಂಡಿಗೆ ಐದು ಪೈಪು, ಇಪ್ಪತ್ತು ಸೈಕಲ್ಲಿಗೆ ಸಾಕು. ಜಿಗಣಿ, ಬೊಮ್ಮಸಂದ್ರದಲ್ಲಿ ಪೈಪು ಬಗ್ಗಿಸಿ ವೆಲ್ಡ್ ಮಾಡುವ ಶೆಡ್ಡುಗಳಿಗೆ ಬರವಿಲ್ಲ.

ನೆಲದೊಳಗಿನ ಎರಡು ಕಾಲುಗಳಿಗೂ ತುದಿಯಲ್ಲಿ ಒಂದು ಅಡ್ಡ ಸರಳು ವೆಲ್ಡ್ ಮಾಡಿಸಿ. ಅದಿಲ್ಲದಿದ್ದರೆ ಪೈಪು ಕಾಂಕ್ರೀಟಿನಲ್ಲಿ ತಿರುಗಿ ತಿರುಗಿ ಸಡಿಲವಾಗುತ್ತದೆ. ಗುಂಡಿ 30 × 30 ಸೆಂ.ಮೀ. ಅಗಲ, 40 ಸೆಂ.ಮೀ. ಆಳ. ಕಾಂಕ್ರೀಟ್ ಹಾಕಿದ ಮೇಲೆ ಏಳು ದಿನ ನೀರುಣಿಸಿ, ಅಷ್ಟು ದಿನ ಯಾರೂ ಸೈಕಲ್ ಒರಗಿಸದಂತೆ ಹಗ್ಗ ಕಟ್ಟಿ. ಪೈಪು ನೆಲ ಸೇರುವ ಜಾಗದಲ್ಲಿ ಕಾಂಕ್ರೀಟನ್ನು ಒಂದಿಂಚು ಎತ್ತರಿಸಿ ಇಳಿಜಾರು ಮಾಡಿ. ನೀರು ನಿಂತು ತುಕ್ಕು ಹಿಡಿಯುವುದು ಸರಿಯಾಗಿ ಅಲ್ಲೇ.

ಎರಡು ಸ್ಟ್ಯಾಂಡಿನ ನಡುವೆ 1 ಮೀಟರ್ ಬಿಡಿ. ಜಾಗ ಉಳಿಸಲು 60 ಸೆಂ.ಮೀ.ಗೆ ಇಳಿಸುವವರಿದ್ದಾರೆ. ಸೈಕಲ್ ಹ್ಯಾಂಡಲ್ಲಿನ ಅಗಲವೇ 60 ಸೆಂ.ಮೀ. ಹ್ಯಾಂಡಲ್ಲುಗಳು ಒಂದಕ್ಕೊಂದು ಸಿಕ್ಕಿಕೊಂಡು, ಕೊನೆಗೆ ಜನ ಒಂದು ಬದಿಯನ್ನು ಖಾಲಿ ಬಿಡುತ್ತಾರೆ. ಉಳಿಸಿದ ಜಾಗ ಹಾಗೇ ಹೋಗುತ್ತದೆ. ಗೋಡೆಗೆ ಸಮಾನಾಂತರ ಇರುವ ಸ್ಟ್ಯಾಂಡ್ ಗೋಡೆಯಿಂದ 60 ಸೆಂ.ಮೀ. ದೂರ ಇರಬೇಕು. ಸಾಲಿನ ಮುಂದೆ ಓಡಾಡಲು 1.8 ಮೀಟರ್.

ಮೇಲೆ ತಗಡಿನ ಶೀಟು ಹಾಕಿ, ಆಳ 2.5 ಮೀಟರಿಗೆ ಕಡಿಮೆ ಬೇಡ. ಬೆಂಗಳೂರಿನ ಮಳೆ ಓರೆಯಾಗಿ ಹೊಡೆಯುತ್ತದೆ, 1.8 ಮೀಟರ್ ಸೈಕಲ್ಲಿಗೆ ಎರಡು ಮೀಟರ್ ಶೀಟು ಎಂದರೆ ಸೀಟು ನೆನೆಯುತ್ತದೆ.

ಕ್ಯಾಮೆರಾ ಸಾಕಲ್ಲವೇ? ಬೇಸ್‌ಮೆಂಟಿನಲ್ಲಿ ಇಡಬಹುದಲ್ಲ?

ಕ್ಯಾಮೆರಾ ಕಳವನ್ನು ತಡೆಯುವುದಿಲ್ಲ, ತೋರಿಸುತ್ತದೆ. ಸೂರಿನಿಂದ ನೇರ ಕೆಳಗೆ ನೋಡುವ ಕ್ಯಾಮೆರಾದಲ್ಲಿ ಟೋಪಿ ಮಾತ್ರ ಕಾಣುತ್ತದೆ. ಬರುವ ಹೋಗುವ ದಾರಿಯ ಮುಖ ಕಾಣುವಂತೆ ಇನ್ನೊಂದು ಬೇಕು. ಎಲ್ಲಕ್ಕಿಂತ ಒಳ್ಳೆಯ ಕಾವಲು, ಸೆಕ್ಯೂರಿಟಿ ಕೋಣೆಯ ಕಿಟಕಿಯಿಂದ ನೇರ ಕಾಣುವ ಜಾಗ. ಕಟ್ಟಡದ ಹಿಂದೆ ಜನರೇಟರ್ ಪಕ್ಕ ಯಾರೂ ನೋಡದ ಮೂಲೆಯನ್ನು ಸೈಕಲ್ಲಿಗೆ ಕೊಡುವುದು ವಾಡಿಕೆಯಾಗಿಬಿಟ್ಟಿದೆ, ಅದು ತಪ್ಪಬೇಕು.

ಬೇಸ್‌ಮೆಂಟ್ ಆದೀತು, ಇಳಿಜಾರು ಕಡಿದಾಗಿಲ್ಲದಿದ್ದರೆ. ಸೈಕಲ್ಲಿಗೆ ಬೇರೆ ಪಟ್ಟಿ ಗುರುತು ಹಾಕಿ, ತಿರುವಿನಲ್ಲಿ ಉಬ್ಬು ಕನ್ನಡಿ ಇಡಿ. ದೊಡ್ಡ ಮಳೆಗೆ ನೀರು ನುಗ್ಗುವ ಬೇಸ್‌ಮೆಂಟಾದರೆ ಅದರ ಯೋಚನೆಯೇ ಬೇಡ.

ಕೆಲಸ ಬಿಟ್ಟುಹೋದವರ ಸೈಕಲ್ ಸ್ಟ್ಯಾಂಡಿನಲ್ಲಿ ಧೂಳು ಹೊಡೆಯುತ್ತ ನಿಲ್ಲುವುದು ಎರಡೇ ವರ್ಷದಲ್ಲಿ ಬರುವ ತೊಂದರೆ. ಆಯುಧಪೂಜೆಗೆ ಹೇಗೂ ಯಂತ್ರ, ಗಾಡಿ ಎಲ್ಲ ತೊಳೆಯುತ್ತೀರಿ. ಅದಕ್ಕೆ ಒಂದು ತಿಂಗಳ ಮುಂಚೆ ಎಲ್ಲ ಸೈಕಲ್ಲಿಗೂ ತಾರೀಖು ಬರೆದ ಚೀಟಿ ಕಟ್ಟಿ. ಪೂಜೆಯ ದಿನಕ್ಕೂ ಚೀಟಿ ಹರಿಯದೆ ಇದ್ದರೆ ಅದು ವಾರಸುದಾರರಿಲ್ಲದ್ದು. ಪಟ್ಟಿ ಮಾಡಿ, ಹಾಜರಿ ಪುಸ್ತಕದ ಜೊತೆ ತಾಳೆ ನೋಡಿ, ಬೇರೆಡೆ ಎತ್ತಿಡಿ.

ಸ್ಟ್ಯಾಂಡಿನ ಜೊತೆ ಇನ್ನೇನು ಇಡಬೇಕು?

ನಿಂತು ಒತ್ತುವ ಒಂದು ಗಾಳಿ ಪಂಪು, ಸರಪಳಿ ಹಾಕಿ. ಹಳೆಯ ಸೈಕಲ್ಲಿನ ವಾಲ್ವು ಬೇರೆ, ಹೊಸ ಸೈಕಲ್ಲಿನ ಕಾರು-ಬೈಕಿನಂಥ ವಾಲ್ವು ಬೇರೆ. ಎರಡಕ್ಕೂ ಹಿಡಿಯುವ ಮೂತಿ ಇರಬೇಕು. ಒಂದು ಹೊಂದಿಸುವ ಸ್ಪ್ಯಾನರ್, ಟೈರ್ ಎಬ್ಬಿಸುವ ಲಿವರ್ ಎರಡು, ಪ್ಯಾಚು, ಸಲ್ಯೂಷನ್. ಉದ್ದನೆಯ ಸ್ಪ್ಯಾನರನ್ನು ಮೆಟ್ರೊ ತಪಾಸಣೆಯಲ್ಲಿ ಪ್ರಶ್ನಿಸಬಹುದು, ಹಾಗಾಗಿ ಸಲಕರಣೆ ಕೆಲಸದ ಜಾಗದಲ್ಲೇ ಇದ್ದರೆ ವಾಸಿ.

ಪಂಕ್ಚರ್ ಪದೇ ಪದೇ ಆಗುತ್ತದೆ. ಯಾಕೆ?

ಲೇತ್ ಶೆಡ್ಡುಗಳಿಂದ ಲಾರಿ, ಟ್ರ್ಯಾಕ್ಟರಿನಲ್ಲಿ ಸಾಗುವ ಉಕ್ಕಿನ ಸುರುಳಿ ಚೂರು ರಸ್ತೆಯ ಎಡ ಅಂಚಿಗೆ ಬಂದು ಸೇರುತ್ತದೆ, ಸೈಕಲ್ ಹೋಗುವುದೂ ಅದೇ ಅಂಚಿನಲ್ಲಿ. ಅಂಚಿನಿಂದ ಒಂದು ಮೀಟರ್ ಒಳಗೆ ತುಳಿಯಿರಿ, ಅದು ಪಂಕ್ಚರಿಗೂ ಒಳ್ಳೆಯದು, ಹಿಂದಿನ ಗಾಡಿಗೆ ನೀವು ಕಾಣುವುದಕ್ಕೂ ಒಳ್ಳೆಯದು.

ಪ್ಯಾಚ್ ಹಾಕಿದ ಮರುದಿನವೇ ಮತ್ತೆ ಗಾಳಿ ಹೋದರೆ ಚೂರು ಟೈರಿನಲ್ಲೇ ಕೂತಿದೆ ಎಂದರ್ಥ. ಬೆರಳಲ್ಲಿ ಹುಡುಕಬೇಡಿ, ಕೂದಲೆಳೆಯಷ್ಟು ಉಕ್ಕು ಬೆರಳು ಸೀಳುತ್ತದೆ. ಹತ್ತಿಯ ಉಂಡೆ ಅಥವಾ ಹಳೆಯ ಬನಿಯನ್ ಬಟ್ಟೆಯನ್ನು ಟೈರಿನ ಒಳಮೈಗೆ ಒತ್ತಿ ಪೂರ್ತಿ ಒಂದು ಸುತ್ತು ಎಳೆಯಿರಿ. ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಹೊರಗಿನಿಂದ ಚಿಮುಟದಲ್ಲಿ ಕೀಳಿ. ಗಾಳಿಯ ಒತ್ತಡವನ್ನು ಟೈರಿನ ಮಗ್ಗುಲಲ್ಲಿ ಅಚ್ಚಾದ ಮಿತಿಯೊಳಗೆ ಮೇಲ್ಮಟ್ಟದಲ್ಲೇ ಇಡಿ; ಗಾಳಿ ಕಡಿಮೆಯಿದ್ದರೆ ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿಗೂ ಟೈರಿಗೂ ನಡುವೆ ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತದೆ.

ಲಾರಿ, ಟಿಪ್ಪರ್ ನಡುವೆ ಹೋಗುವುದು ಹೇಗೆ?

ಜಿಗಣಿ ಇರುವುದು ಹೊಸೂರು ರಸ್ತೆಯ ಪಶ್ಚಿಮಕ್ಕೆ. ನಿಲ್ದಾಣದಲ್ಲಿ ಆ ಬದಿಯ ಮೆಟ್ಟಿಲು ಇಳಿಯಿರಿ, ಸೈಕಲ್ಲನ್ನೂ ಆ ಬದಿಯಲ್ಲೇ ಇಡಿ. ಸೈಕಲ್ ಹಿಡಿದು ಹೆದ್ದಾರಿ ದಾಟುವ ಕೆಲಸ ದಿನಕ್ಕೆ ಎರಡು ಸಲ ತಪ್ಪುತ್ತದೆ. ಅದೇ ದೊಡ್ಡ ಅಪಾಯ ಕಳೆದಂತೆ.

ಕಾರ್ಖಾನೆ ಗೇಟುಗಳ ಹತ್ತಿರ ನಿಂತ ಲಾರಿಯ ಎಡಗಡೆ ಯಾವತ್ತೂ ನುಸುಳಬೇಡಿ. ಉದ್ದ ಗಾಡಿ ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತದೆ. ಚಾಲಕ ಬಲಗಡೆ ಕೂತಿರುತ್ತಾರೆ, ಎಡ ಮಗ್ಗುಲಲ್ಲಿ ಸೊಂಟದೆತ್ತರದಲ್ಲಿರುವ ಸೈಕಲ್ ಅವರಿಗೆ ಕಾಣುವುದೇ ಇಲ್ಲ. ಹಿಂದೆಯೇ ನಿಲ್ಲಿ, ಲಾರಿ ತಿರುಗಿ ಮುಗಿಯಲಿ.

ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ, ಪೆಡಲಿಗೆ ರಿಫ್ಲೆಕ್ಟರ್. ಮೇಲಕ್ಕೆ ಕೆಳಕ್ಕೆ ಆಡುವ ರಿಫ್ಲೆಕ್ಟರನ್ನು ನೋಡಿದ ಕೂಡಲೇ ಚಾಲಕರಿಗೆ ಅದು ಸೈಕಲ್ ಎಂದು ಗೊತ್ತಾಗುತ್ತದೆ. ಕಾರ್ಖಾನೆಯಲ್ಲಿ ಕೊಡುವ ಹೊಳೆಯುವ ಪಟ್ಟಿಯ ಜಾಕೆಟ್ ಇದ್ದರೆ ಅದನ್ನೇ ಹಾಕಿಕೊಂಡು ಬನ್ನಿ.

ಬೆವರು, ಮಳೆ?

ಕೆಲಸದ ಬಟ್ಟೆಯನ್ನು ಲಾಕರಿನಲ್ಲೇ ಇಟ್ಟು, ತುಳಿಯಲು ಬೇರೆ ಅಂಗಿ ಇರಲಿ. ಬಂದ ಕೂಡಲೇ ಬಟ್ಟೆ ಬದಲಾಯಿಸಿದರೆ ಹೊಸ ಅಂಗಿಯೂ ಒದ್ದೆ. ಐದು ನಿಮಿಷ ಫ್ಯಾನ್ ಕೆಳಗೆ ನಿಂತು, ಒದ್ದೆ ಟವೆಲಿನಲ್ಲಿ ಒರೆಸಿ, ಆಮೇಲೆ ಬದಲಾಯಿಸಿ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಸಂಜೆ ಮಳೆ ಜೋರು. ಪ್ಯಾಂಟ್ ಸಮೇತ ಇರುವ ರೇನ್‌ಕೋಟ್ ಸೈಕಲ್ ಬದಿಯಲ್ಲೇ ಇರಲಿ. ನೆಂದ ರಿಮ್ಮಿನಲ್ಲಿ ಬ್ರೇಕು ಹಿಡಿಯಲು ಎರಡು ಸುತ್ತು ತಡ ಎನ್ನುವುದು ನೆನಪಿರಲಿ. ನೀರು ನಿಂತ ಕಡೆ ಗುಂಡಿ ಕಾಣುವುದಿಲ್ಲ, ಇಳಿದು ತಳ್ಳಿ.

ಬೆಳಗಿನ ಆರರ ಪಾಳಿಗೆ ಈ ಲೆಕ್ಕ ನಡೆಯುತ್ತದಾ?

ಮೆಟ್ರೊದ ಮೊದಲ ರೈಲಿನ ಸಮಯ ಎಲ್ಲ ದಿನವೂ ಒಂದೇ ಅಲ್ಲ, ಭಾನುವಾರ ತಡ. ಮೊದಲ ರೈಲಿನ ಸಮಯಕ್ಕೆ ಪ್ರಯಾಣದ ಸುಮಾರು 35 ನಿಮಿಷ, ಮೆಟ್ಟಿಲು ಮತ್ತು ಬೀಗಕ್ಕೆ 8, ಸೈಕಲ್ಲಿಗೆ 16, ಬಟ್ಟೆ ಬದಲಾಯಿಸಲು 10 ಕೂಡಿಸಿ. ಒಂದು ಗಂಟೆ ಹತ್ತು ನಿಮಿಷದ ಹತ್ತಿರ. ಅಷ್ಟು ಹೊತ್ತಿಗೆ ಪಂಚ್ ಆಗದಿದ್ದರೆ ಆ ಪಾಳಿಗೆ ಕಂಪನಿ ಬಸ್ಸೇ ಗತಿ. ಜನರಲ್ ಪಾಳಿಗೆ ಈ ಲೆಕ್ಕ ಆರಾಮಾಗಿ ಕೂರುತ್ತದೆ. ಹಳದಿ ಮಾರ್ಗ ಮೂರೇ ರೈಲಿನಿಂದ, 25 ನಿಮಿಷಕ್ಕೊಂದರಂತೆ ಶುರುವಾಯಿತು. ಹೊಸ ರೈಲುಗಳು ಸೇರುತ್ತ ಬಂದ ಹಾಗೆ ಅಂತರ ಇಳಿದಿದೆ. ಆದರೂ ಜನ ಕಡಿಮೆ ಇರುವ ಹೊತ್ತಿನಲ್ಲಿ ಒಂದು ರೈಲು ತಪ್ಪಿದರೆ ಸೈಕಲ್ಲಿನಲ್ಲಿ ಎಷ್ಟು ಜೋರಾಗಿ ತುಳಿದರೂ ಅದು ವಾಪಸ್ ಬರುವುದಿಲ್ಲ. ಸಮಯ ನೋಡಿ ಮನೆ ಬಿಡಿ.

ರಾತ್ರಿ ಪಾಳಿಯ ಹೆಣ್ಣುಮಕ್ಕಳಿಗೆ ಮನೆಯವರೆಗೆ ಗಾಡಿ ಒದಗಿಸುವುದು ಕಂಪನಿಯ ಹೊಣೆ. ಸೈಕಲ್ ಸ್ಟ್ಯಾಂಡ್ ಕೊಟ್ಟಿದ್ದೇವೆ ಎಂದು ಅದರಿಂದ ಜಾರಿಕೊಳ್ಳುವ ಹಾಗಿಲ್ಲ.

ಸೈಕಲ್ ಆಗದ ದಿನ?

ಬಿಎಂಟಿಸಿ ಬಸ್ಸಿನ ವೇಳೆ ಮೊದಲೇ ತಿಳಿದಿಟ್ಟುಕೊಳ್ಳಿ. ಶಕ್ತಿ ಯೋಜನೆಯಲ್ಲಿ 2023ರ ಜೂನ್ 11ರಿಂದ ಕರ್ನಾಟಕದ ಮಹಿಳೆಯರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, ಎಸಿ ಬಸ್ಸಿಗೆ ಅದು ಅನ್ವಯಿಸುವುದಿಲ್ಲ.

ಬ್ಯಾಟರಿ ಸೈಕಲ್ ತೆಗೆದುಕೊಂಡರೆ?

ಮೋಟರ್ 250 ವ್ಯಾಟ್ ಒಳಗೆ, ವೇಗ 25 ಕಿ.ಮೀ. ಮೀರದಂತೆ ಇದ್ದರೆ ನೋಂದಣಿ, ಲೈಸೆನ್ಸ್ ಬೇಡ. ಏಳೆಂಟು ಕಿ.ಮೀ. ದೂರದವರಿಗೆ ಒಳ್ಳೆಯದು. 36 ವೋಲ್ಟ್, 7.8 ಆಂಪಿಯರ್-ಅವರ್ ಬ್ಯಾಟರಿ ಎಂದರೆ ಸುಮಾರು 280 ವ್ಯಾಟ್-ಅವರ್, ಒಂದು ಯೂನಿಟ್ಟಿನ ಮೂರನೇ ಒಂದು ಭಾಗಕ್ಕೂ ಕಡಿಮೆ. ಆದರೆ ರಾತ್ರಿ ನಿಲ್ದಾಣದ ಬದಿ ಬಿಡುವ ಸೈಕಲ್ ಇದಾಗಬಾರದು. ಬ್ಯಾಟರಿ ಕಳಚಿ ಒಯ್ಯುವಂಥದ್ದನ್ನೇ ಕೊಳ್ಳಿ. ಚಾರ್ಜಿಗೆ ಇಡುವುದು ಕಣ್ಣಿಗೆ ಕಾಣುವ, ಗಾಳಿಯಾಡುವ ಜಾಗದಲ್ಲಿ, ಬಣ್ಣ-ತಿನ್ನರ್ ಡಬ್ಬಿಗಳಿಂದ ದೂರ. ಊದಿಕೊಂಡ ಬ್ಯಾಟರಿಗೆ ಪ್ಲಗ್ ಚುಚ್ಚಲೇಬೇಡಿ.

ಸೈಕಲ್ ಕಳವಾಯಿತು. ಪೊಲೀಸರು ದೂರು ತೆಗೆದುಕೊಳ್ಳುತ್ತಾರಾ?

ತೆಗೆದುಕೊಳ್ಳಬೇಕು, ಆದರೆ ಬೆಲೆಯ ಮೇಲೆ ದಾರಿ ಬೇರೆಯಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳವು 303ನೇ ಕಲಂ. ಕಳವಾದ ವಸ್ತುವಿನ ಬೆಲೆ 5,000 ರೂ.ಗಿಂತ ಕಡಿಮೆ ಇದ್ದರೆ ಅದು ಅಸಂಜ್ಞೇಯ, ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ನಡೆಸುವುದಿಲ್ಲ. ಸೈಕಲ್ಲಿನ ಬಿಲ್ಲು, ಮೇಲೆ ಹಾಕಿಸಿದ ಬಿಡಿಭಾಗಗಳ ಬಿಲ್ಲು ಇಟ್ಟುಕೊಳ್ಳಿ ಎನ್ನುವುದು ಅದಕ್ಕೇ. ದೂರಿನಲ್ಲಿ ಫ್ರೇಮ್ ನಂಬರ್, ಬಣ್ಣ, ಸೈಕಲ್ಲಿಗೆ ಮಾತ್ರ ಇರುವ ಗುರುತು, ಕೊನೆಯ ಸಲ ನೋಡಿದ ಸಮಯ ಬರೆಯಿರಿ. ಫ್ರೇಮ್ ನಂಬರ್ ಇಲ್ಲದ ದೂರಿನಲ್ಲಿ ಸೈಕಲ್ ಸಿಕ್ಕರೂ ಅದು ನಿಮ್ಮದೇ ಎಂದು ಸಾಧಿಸುವುದು ಕಷ್ಟ. ಕ್ಯಾಮೆರಾ ದೃಶ್ಯಗಳ ಮೇಲೆ ಕೆಲವೇ ದಿನದಲ್ಲಿ ಹೊಸ ದೃಶ್ಯ ಬರೆದುಕೊಳ್ಳುತ್ತದೆ. ಅದೇ ದಿನ ಪಕ್ಕದ ಅಂಗಡಿಯವರನ್ನು ಕೇಳಿ ತೆಗೆಸಿಡಿ.

ಹಬ್ಬಕ್ಕೆ ಹತ್ತು ದಿನ ಊರಿಗೆ ಹೋಗುತ್ತಿದ್ದೇನೆ. ಸೈಕಲ್ ಎಲ್ಲಿ ಬಿಡಲಿ?

ನಿಲ್ದಾಣದಲ್ಲಿ ಬೇಡ. ಹೊರಡುವ ದಿನ ಸಂಜೆ ಸೈಕಲ್ಲನ್ನು ಕಾರ್ಖಾನೆಯ ಸ್ಟ್ಯಾಂಡಿನಲ್ಲೇ ಬಿಟ್ಟು ನಿಲ್ದಾಣಕ್ಕೆ ಆಟೊದಲ್ಲಿ ಬನ್ನಿ, ವಾಪಸ್ ಬಂದ ದಿನವೂ ಒಂದು ಸಲ ಆಟೊ. ಸೆಕ್ಯೂರಿಟಿ ರಿಜಿಸ್ಟರಿನಲ್ಲಿ ಸ್ಟಿಕ್ಕರ್ ನಂಬರ್, ಬರುವ ತಾರೀಖು ಬರೆಸಿ. ಚೈನಿಗೆ ಎರಡು ಹನಿ ಎಣ್ಣೆ ಬಿಟ್ಟು ಒರೆಸಿ, ಟೈರಿಗೆ ಗಾಳಿ ತುಂಬಿಯೇ ಹೋಗಿ. ಗಾಳಿಯಿಲ್ಲದ ಟೈರು ಬಹಳ ದಿನ ಒಂದೇ ಕಡೆ ಕೂತರೆ ರಿಮ್ಮಿನ ಅಂಚಿನಲ್ಲಿ ಬಿರುಕು ಬಿಡಬಹುದು. ಬಂದ ಮೇಲೆ ಹತ್ತುವ ಮುಂಚೆ ಎರಡೂ ಬ್ರೇಕು ಒತ್ತಿ ನೋಡಿ, ಚಕ್ರದ ನಟ್ಟು ಕೈಯಲ್ಲಿ ತಿರುಗಿಸಿ ನೋಡಿ.